ಮಾವನವರ ಬಿಪಿ ವಾಚು ಸುಳ್ಳು ಹೇಳುತ್ತಿದೆಯೇ?

ಪ್ರಶ್ನೆ: ನಮ್ಮದು ಸೋಮವಾರಪೇಟೆ ಕಡೆ ಒಂದು ಸಣ್ಣ ಕಾಫಿ ತೋಟ. ಮಾವನವರಿಗೆ 76 ವರ್ಷ. ಅವರ ತಮ್ಮ 1990ರ ದಶಕದಲ್ಲಿ ಸಿಂಗಪುರದಿಂದ ತಂದುಕೊಟ್ಟ ಕ್ಯಾಸಿಯೊ ಬಿಪಿ-100 ಎಂಬ ವಾಚು ಅವರ ಬಳಿ ಇದೆ. ಮೇಲೆ ಎರಡು ಬೆರಳು ಇಟ್ಟರೆ ಬಿಪಿ ತೋರಿಸುತ್ತದೆ. ವರ್ಷಗಟ್ಟಲೆ ಬೀರುವಿನಲ್ಲಿ ಬಿದ್ದಿತ್ತು. ಹೋದ ವರ್ಷ ಪೇಟೆಯಲ್ಲಿ ಸೆಲ್ ಹಾಕಿಸಿದೆವು, ಅಂಗಡಿಯವರೇ ಎಲ್ಲ ಸೆಟ್ ಮಾಡಿ ಕೊಟ್ಟರು. ಈಗ ದಿನವೂ 118, 122, 120, ಹೀಗೇ ಬರುತ್ತದೆ. ಮೊನ್ನೆ ಆರೋಗ್ಯ ಕೇಂದ್ರದಲ್ಲಿ ನೋಡಿಸಿದರೆ 156/88. ಮಾವನವರು ‘ಅಲ್ಲಿಯ ಮಷೀನೇ ಕೆಟ್ಟಿದೆ, ಜಪಾನಿನದ್ದು ಸುಳ್ಳು ಹೇಳುವುದಿಲ್ಲ’ ಎಂದು ಮಾತ್ರೆಯನ್ನು ಒಂದು ದಿನ ಬಿಟ್ಟು ಒಂದು ದಿನ ನುಂಗುತ್ತಿದ್ದಾರೆ. ಯಾವುದನ್ನು ನಂಬಬೇಕು? ವಾಚನ್ನು ಸರಿಯಾಗಿ ಬಳಸುವುದು ಹೇಗೆ? ನಮ್ಮ ಮಳೆಗಾಲದಲ್ಲಿ ಅದನ್ನು ಉಳಿಸಿಕೊಳ್ಳುವುದು ಹೇಗೆ?

ಉತ್ತರ: ಮಾತ್ರೆಯ ವಿಷಯ ಮೊದಲು ಮುಗಿಸೋಣ, ವಾಚು ಎಲ್ಲಿಗೂ ಓಡಿಹೋಗುವುದಿಲ್ಲ. ನಾನು ವೈದ್ಯನಲ್ಲ. ಆಸ್ಪತ್ರೆ ಸಲಕರಣೆಗಳನ್ನು ರಿಪೇರಿ ಮಾಡುತ್ತ ಕೂದಲು ನರೆತವನು, ಅದಕ್ಕೂ ಮೊದಲು ಅಪ್ಪನ ಗಡಿಯಾರದ ಅಂಗಡಿಯಲ್ಲಿ ಚಿಮಟ ಹಿಡಿದು ಕೂತವನು. ಆದರೂ ಇಷ್ಟನ್ನು ಧೈರ್ಯವಾಗಿ ಹೇಳಬಲ್ಲೆ: ಈ ವಾಚು ನೋಡಿ ಮಾತ್ರೆ ಬಿಡುವುದು ಬೇಡ. ಕೆಲವು ಬಿಪಿ ಮಾತ್ರೆಗಳನ್ನು ತಟ್ಟನೆ ನಿಲ್ಲಿಸಿದರೆ ಒತ್ತಡ ಮೊದಲಿಗಿಂತ ಜೋರಾಗಿ ಪುಟಿದೇಳುವುದುಂಟು. ನಾಳೆಯೇ ವೈದ್ಯರ ಬಳಿ ಹೋಗಿ, ‘ಒಂದು ದಿನ ಬಿಟ್ಟು ಒಂದು ದಿನ ತಗೊಳ್ತಿದ್ರು’ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿ. ಅದನ್ನು ಮುಚ್ಚಿಟ್ಟರೆ ಅವರು 156 ನೋಡಿ, ಮಾತ್ರೆ ಸಾಲುತ್ತಿಲ್ಲವೆಂದು ಡೋಸ್ ಏರಿಸಿಬಿಡಬಹುದು. ಆಮೇಲೆ ಮಾವನವರು ಶಿಸ್ತಾಗಿ ನುಂಗತೊಡಗಿದರೆ ಒಂದು ಬೆಳಿಗ್ಗೆ ಹಾಸಿಗೆಯಿಂದ ಎದ್ದವರು ತಲೆ ತಿರುಗಿ ಬೀಳುತ್ತಾರೆ.

ಇನ್ನು ವಾಚು. ನಿಮ್ಮ ಪತ್ರದಲ್ಲಿ ನೀವು ಸುಮ್ಮನೆ ಬರೆದು ಮುಂದೆ ಹೋದ ಒಂದು ಮಾತು ನನ್ನನ್ನು ಅಲ್ಲೇ ನಿಲ್ಲಿಸಿತು: ‘ಅಂಗಡಿಯವರೇ ಎಲ್ಲ ಸೆಟ್ ಮಾಡಿ ಕೊಟ್ಟರು.’ ಗಂಟೆ, ತಾರೀಕು ಸೆಟ್ ಮಾಡಿದ್ದರೆ ಸಂತೋಷ. ಆದರೆ ಈ ವಾಚಿನಲ್ಲಿ ಸೆಟ್ ಮಾಡಬೇಕಾದ ಇನ್ನೊಂದು ಸಂಗತಿ ಇದೆ, ಅದು ನಿಮ್ಮ ಮಾವನವರ ಬಿಪಿ. ಹೌದು, ಬಿಪಿ ಹೇಳುವ ಈ ವಾಚಿಗೆ ಮೊದಲು ನಾವೇ ಬಿಪಿ ಹೇಳಿಕೊಡಬೇಕು.

ಯಾಕೆಂದರೆ ಇದು ಒತ್ತಡವನ್ನು ಅಳೆಯುವುದೇ ಇಲ್ಲ. ಇದರಲ್ಲಿ ತೋಳು ಹಿಂಡುವ ಪಟ್ಟಿ ಇಲ್ಲ, ಗಾಳಿ ಇಲ್ಲ, ಪಾದರಸ ಇಲ್ಲ. ಇದು ಅಳೆಯುವುದು ಸಮಯವನ್ನು. ವಾಚಿನ ಬೆನ್ನು ಎಡಗೈ ಮಣಿಕಟ್ಟಿಗೆ ತಾಗಿರುತ್ತದೆ. ಬಲಗೈಯ ಎರಡು ಬೆರಳನ್ನು ಮುಂಭಾಗದ ಎರಡು ಬಿಂದುಗಳ ಮೇಲೆ ಇಡುತ್ತೀರಿ. ಅದರಲ್ಲಿ ಒಂದು ಬರೀ ಲೋಹದ ತುಣುಕು. ಎಡಗೈ, ಎದೆ, ಬಲಗೈ ಸೇರಿ ಒಂದು ಸುತ್ತು ಪೂರ್ತಿಯಾಗಿ, ಹೃದಯದ ವಿದ್ಯುತ್ ಮಿಡಿತ ಅದಕ್ಕೆ ಸಿಗುತ್ತದೆ. ಆಸ್ಪತ್ರೆಯಲ್ಲಿ ಇಸಿಜಿ ತೆಗೆಯುವಾಗ ಎರಡೂ ಕೈಗೆ ಕ್ಲಿಪ್ ಹಾಕುತ್ತಾರಲ್ಲ, ಅದೇ ಕೆಲಸ. ಇನ್ನೊಂದು ಬಿಂದು ಬೆಳಕಿನ ಕಣ್ಣು. ಬೆರಳ ತುದಿಗೆ ರಕ್ತದ ಅಲೆ ಬಂದು ತಟ್ಟಿದಾಗ ಮರಳಿ ಬರುವ ಬೆಳಕು ಒಂದಿಷ್ಟು ಬದಲಾಗುತ್ತದೆ, ಅದನ್ನು ಹಿಡಿಯುತ್ತದೆ. ಹೃದಯದಲ್ಲಿ ಮಿಡಿತ ಹುಟ್ಟಿದ್ದು ಯಾವಾಗ, ಅಲೆ ಬೆರಳಿಗೆ ತಲುಪಿದ್ದು ಯಾವಾಗ, ಈ ಎರಡರ ನಡುವಿನ ಅಂತರವೇ ವಾಚಿನ ಬಂಡವಾಳ. ಅದು ಸುಮಾರು ಒಂದು ಸೆಕೆಂಡಿನ ಐದರಲ್ಲೊಂದು ಪಾಲು.

ಅಂತರಕ್ಕೂ ಒತ್ತಡಕ್ಕೂ ಏನು ನಂಟು? ತೋಟದಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ವರ್ಷ ಫೆಬ್ರವರಿ, ಮಾರ್ಚಿನಲ್ಲಿ ಸ್ಪ್ರಿಂಕ್ಲರ್ ಹಾಕಿದವರಿಗೆ ಇದು ಗೊತ್ತು. ಪೈಪು ಸಡಿಲವಾಗಿ ಮಲಗಿರುವಾಗ ಕೆರೆಯ ಬಳಿ ಪಂಪು ಕೊಟ್ಟ ಮೊದಲ ಹೊಡೆತ ಮೇಲಿನ ತುದಿಗೆ ನಿಧಾನವಾಗಿ ಬರುತ್ತದೆ. ಪೈಪು ಬಿರಿಯುವ ಹಾಗೆ ತುಂಬಿದ್ದರೆ ಅಲ್ಲಿ ಅಲುಗಿದ್ದು ಇಲ್ಲಿ ಕೂಡಲೇ ಕೈಗೆ ತಿಳಿಯುತ್ತದೆ. ರಕ್ತನಾಳವೂ ಹಾಗೆ. ಒತ್ತಡ ಹೆಚ್ಚಿದಾಗ ನಾಳ ಬಿಗಿಯುತ್ತದೆ, ಅಲೆ ಬೇಗ ಓಡುತ್ತದೆ, ಅಂತರ ಕಿರಿದಾಗುತ್ತದೆ. ಈ ಸಂಬಂಧದ ಗಣಿತ 1878ರಷ್ಟು ಹಳೆಯದು, ಮೋಯೆನ್ಸ್ ಮತ್ತು ಕೊರ್ಟೆವೆಗ್ ಎಂಬ ಇಬ್ಬರು ಡಚ್ಚರದ್ದು. ಅದನ್ನು ಕೈಗಡಿಯಾರದೊಳಗೆ ಕೂರಿಸಿದ್ದು ಸಣ್ಣ ಸಾಹಸವಲ್ಲ. ಮಾವನವರು ಜಪಾನಿನ ಕೈಚಳಕವನ್ನು ಮೆಚ್ಚಿಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ.

ತೊಡಕು ಬರುವುದು ಮುಂದೆ. ಇಂತಿಷ್ಟು ಅಂತರ ಎಂದರೆ ಇಂತಿಷ್ಟು ಬಿಪಿ ಎಂದು ಎಲ್ಲರಿಗೂ ಹೊಂದುವ ಪಟ್ಟಿ ಇಲ್ಲ. ಉದ್ದ ಕೈಯವರಿಗೆ ಅಲೆ ಹೆಚ್ಚು ದೂರ ಓಡಬೇಕು, ವಯಸ್ಸಾದವರ ನಾಳ ಮೊದಲೇ ಗಡುಸು. ಆದ್ದರಿಂದ ತೋಳಿನ ಪಟ್ಟಿಯ ಮಷೀನಿನಲ್ಲಿ ಒಮ್ಮೆ ಅಳೆದು ಆ ಅಂಕೆಯನ್ನು ವಾಚಿಗೆ ಊಡಿಸಬೇಕು. ‘ಈ ಮನುಷ್ಯನಿಗೆ, ಈ ಅಂತರಕ್ಕೆ, ಈ ಬಿಪಿ’ ಎಂದು ಅದು ಗುರುತಿಟ್ಟುಕೊಳ್ಳುತ್ತದೆ. ಆಮೇಲೆ ಅಂತರ ಎಷ್ಟು ಕದಲಿದೆಯೋ ನೋಡಿ, ಕೊಟ್ಟ ಅಂಕೆಗೆ ಅಷ್ಟು ಕೂಡಿಸಿ ಕಳೆದು ತೋರಿಸುತ್ತದೆ. ಆ ಗುರುತಿಗೆ ನಾವು ಆಧಾರ ಅಂಕೆ ಎನ್ನೋಣ.

ಸೆಲ್ ತೆಗೆದರೆ ಆ ಕಾಲದ ಡಿಜಿಟಲ್ ವಾಚುಗಳ ನೆನಪು ಒರೆಸಿದ ಸ್ಲೇಟು. ಅಂದಮೇಲೆ ಹೋದ ವರ್ಷ ಅಂಗಡಿಯಲ್ಲಿ ಹೊಸ ಆಧಾರ ಅಂಕೆಯನ್ನು ಯಾರೋ ತುಂಬಿರಲೇಬೇಕು. ಮಾವನವರ ತೋಳಿಗೆ ಪಟ್ಟಿ ಕಟ್ಟಿ ಅಳೆದು ತುಂಬಿದರೇ? ಗಡಿಯಾರದ ಅಂಗಡಿಯಲ್ಲಿ ಬಿಪಿ ಮಷೀನ್ ಎಲ್ಲಿಂದ ಬರಬೇಕು? ವಾಚು ಅಂಕೆ ಕೇಳಿದೆ, ಹುಡುಗ ಎಲ್ಲರಿಗೂ ಬಾಯಿಪಾಠವಿರುವ 120/80 ಒತ್ತಿದ್ದಾನೆ ಎಂಬುದು ನನ್ನ ಊಹೆ. ನಿಮ್ಮ 118, 122, 120 ಆ ಊಹೆಗೆ ಚೆನ್ನಾಗಿ ಹೊಂದುತ್ತದೆ. ವಾಚು ಒಂದು ವರ್ಷದಿಂದ ಆ ಹುಡುಗನ ಅಂಕೆಯನ್ನೇ ಮಾವನವರಿಗೆ ಓದಿ ಹೇಳುತ್ತಿದೆ.

ಇದೇ ತತ್ವದ ಒಂದು ಹಳೆಯ ವಾಚನ್ನು ನಾನೊಮ್ಮೆ ನನ್ನ ಮೇಜಿನ ಮೇಲೆ ಪರೀಕ್ಷೆ ಮಾಡಿ ನೋಡಿದ್ದೆ. ನನ್ನ ನಿಜವಾದ ಬಿಪಿ ಆ ಹೊತ್ತಿಗೆ ತೋಳಿನ ಮಷೀನಿನಲ್ಲಿ 134/84. ವಾಚಿಗೆ 134/84 ಎಂದೇ ತುಂಬಿ ಬೆರಳಿಟ್ಟರೆ 133 ಬಂತು, ಭಲೇ ಅನ್ನಿಸಿತು. ಅಳಿಸಿ 160/100 ತುಂಬಿದೆ. ಕುರ್ಚಿಯಿಂದ ಏಳಲಿಲ್ಲ, ನೀರೂ ಕುಡಿಯಲಿಲ್ಲ. ಈ ಸಲ 161. ಮತ್ತೆ ಅಳಿಸಿ 105/65 ತುಂಬಿದೆ, 104 ಬಂತು. ಹತ್ತು ನಿಮಿಷದಲ್ಲಿ ಒಬ್ಬನೇ ಮನುಷ್ಯ ಆಸ್ಪತ್ರೆ ಸೇರಬೇಕಾದವನೂ ಆದ, ಓಟಗಾರನೂ ಆದ. ಇದನ್ನೇ ಮಾವನವರ ಕಣ್ಣೆದುರು ಮಾಡಿ ತೋರಿಸಿ. ನೀವು ನೂರು ಸಲ ವಾದ ಮಾಡುವುದಕ್ಕಿಂತ ಅವರೇ 160/100 ಒತ್ತಿ, ಅವರೇ ಬೆರಳಿಟ್ಟು ನೋಡುವುದು ಲೇಸು.

ಹಾಗಾದರೆ ಆರೋಗ್ಯ ಕೇಂದ್ರದ 156 ಪರಮಸತ್ಯವೋ? ಅದನ್ನೂ ಪೂರ್ತಿ ಒಪ್ಪಲಾರೆ. ಜೀಪಿಳಿದು ಏರು ಹತ್ತಿ ಬಂದು, ಸಾಲಿನಲ್ಲಿ ನಿಂತು, ಸ್ವೆಟರಿನ ಮೇಲೆಯೇ ಪಟ್ಟಿ ಸುತ್ತಿಸಿಕೊಂಡು, ಕಾಲು ನೇತಾಡಿಸಿ ಕೂತು ಅಳೆಸಿದ್ದರೆ ಹತ್ತು ಹದಿನೈದು ಏರಿರಬಹುದು. ಬಿಳಿ ಕೋಟು ಕಂಡರೇ ಏರುವವರೂ ಇದ್ದಾರೆ. ಒಂದು ಸಲದ ಅಂಕೆಯಿಂದ ತೀರ್ಪು ಬರುವುದಿಲ್ಲ. ತೀರ್ಪು ಬೇಕಾದರೆ ಮನೆಗೆ ಮೇಲ್ತೋಳಿಗೆ ಪಟ್ಟಿ ಸುತ್ತುವ ಒಂದು ಡಿಜಿಟಲ್ ಮಷೀನ್ ತನ್ನಿ. ಒಂದು ಸಣ್ಣ ಚೀಲ ಮೆಣಸಿನ ಬೆಲೆಯೂ ಇಲ್ಲ. ಪಾದರಸದ್ದನ್ನು ಹುಡುಕುತ್ತ ಹೋಗಬೇಡಿ. ಇಟಲಿಯ ರಿವಾ-ರೊಚ್ಚಿ 1896ರಲ್ಲಿ ತೋಳಿನ ಪಟ್ಟಿ, ಪಾದರಸದ ಕೊಳವೆ ಜೋಡಿಸಿದ್ದು, ರಷ್ಯಾದ ಕೊರೊಟ್ಕೊವ್ 1905ರಲ್ಲಿ ಸ್ಟೆತಸ್ಕೋಪ್ ಇಟ್ಟು ನಾಡಿಯ ಸದ್ದು ಕೇಳಿದ್ದು, ಇವೆರಡೂ ಸೇರಿ ನೂರು ವರ್ಷ ಆಳಿದವು. ನಾನು ಬೆಳೆದದ್ದೇ ಆ ಪೆಟ್ಟಿಗೆಗಳ ನಡುವೆ. ಆದರೆ ಕೊಳವೆ ಒಡೆದು ನೆಲದ ಸಂದಿಗೆ ಉರುಳಿದ ಪಾದರಸವನ್ನು ಕಾಗದದ ಚೂರಿನಲ್ಲಿ ಒಟ್ಟುಮಾಡಿದವನಿಗೆ ಅದು ಮನೆಗೆ ತಕ್ಕ ವಸ್ತುವಲ್ಲ ಎಂದು ಗೊತ್ತು.

ಮಷೀನ್ ಕೊಳ್ಳುವಾಗ ಬ್ರ್ಯಾಂಡಿಗಿಂತ ಮೊದಲು ಪಟ್ಟಿಯ ಅಳತೆ ಕೇಳಿ. ಭುಜ ಮತ್ತು ಮೊಣಕೈ ನಡುವೆ ತೋಳಿನ ಸುತ್ತಳತೆಯನ್ನು ಟೇಪಿನಲ್ಲಿ ಅಳೆದುಕೊಂಡೇ ಅಂಗಡಿಗೆ ಹೋಗಿ. ಸಾಮಾನ್ಯವಾಗಿ ಜೊತೆಗೆ ಬರುವ ಪಟ್ಟಿ 22ರಿಂದ 32 ಸೆಂಟಿಮೀಟರ್ ತೋಳಿಗೆ ಹೊಂದುವಂಥದ್ದು. ನಮ್ಮ ಕಡೆಯ ತೋಟದ ದುಡಿಮೆಯ ತೋಳುಗಳಿಗೆ ಅದು ಎಷ್ಟೋ ಸಲ ಸಾಲದು. ಸಣ್ಣ ಪಟ್ಟಿ ಬಿಗಿದರೆ ಅಂಕೆ ಇಲ್ಲದ ಎತ್ತರಕ್ಕೆ ಏರುತ್ತದೆ.

ಅಳೆಯುವ ಕ್ರಮ ವಾಚಿಗೂ ಮಷೀನಿಗೂ ಒಂದೇ, ಹಾಗಾಗಿ ಒಟ್ಟಿಗೇ ಹೇಳುತ್ತೇನೆ. ಅಳೆಯುವ ಮೊದಲು ಅರ್ಧ ಗಂಟೆ ಕಾಫಿ ಇಲ್ಲ, ಬೀಡಿ ಸಿಗರೇಟೂ ಇಲ್ಲ. ಕೊಡಗಿನಲ್ಲಿ ಕೂತು ಕಾಫಿ ಬೇಡ ಎನ್ನುವುದು ಎಷ್ಟು ಕಷ್ಟವೆಂದು ನನಗೂ ಗೊತ್ತು, ಬೆಲ್ಲದ ಕಾಫಿಗೂ ವಿನಾಯಿತಿ ಇಲ್ಲ. ಮೂತ್ರಕ್ಕೆ ಹೋಗಿ ಬನ್ನಿ. ಬೆನ್ನಿಗೆ ಆಸರೆಯಿರುವ ಕುರ್ಚಿ, ಎರಡೂ ಪಾದ ನೆಲಕ್ಕೆ, ಕಾಲ ಮೇಲೆ ಕಾಲು ಬೇಡ. ಐದು ನಿಮಿಷ ಸುಮ್ಮನೆ ಕೂರಬೇಕು. ಮೊಬೈಲ್ ಬೇಡ, ಕೂಲಿಯವರ ಲೆಕ್ಕ ಬೇಡ. ಸ್ವೆಟರ್ ತೋಳನ್ನು ಮೇಲಕ್ಕೆ ಸುರುಟಿದರೆ ಅದೇ ಹಗ್ಗ ಬಿಗಿದಂತಾಗುತ್ತದೆ, ಆ ತೋಳನ್ನು ಪೂರ್ತಿ ಬಿಚ್ಚಿಯೇ ಬಿಡಿ. ಅಳೆಯುವ ಜಾಗ ಎದೆಯ ಮಟ್ಟಕ್ಕಿರಲಿ. ಇದು ಶಾಸ್ತ್ರಕ್ಕೆ ಹೇಳುವ ಮಾತಲ್ಲ. ಕೈ ಹೃದಯಕ್ಕಿಂತ 10 ಸೆಂಟಿಮೀಟರ್ ಕೆಳಗಿದ್ದರೆ ಅಲ್ಲಿಯ ಒತ್ತಡ ಸುಮಾರು 8 ಮಿಲಿಮೀಟರ್ ಪಾದರಸದಷ್ಟು ಹೆಚ್ಚು, ಮೇಲಿದ್ದರೆ ಅಷ್ಟೇ ಕಡಿಮೆ. ವಾಚನ್ನು ತೊಡೆಯ ಮೇಲಿಟ್ಟುಕೊಂಡು ಒಂದು ದಿನ, ಮೇಜಿನ ಮೇಲಿಟ್ಟು ಒಂದು ದಿನ ಅಳೆದರೆ ಎರಡನ್ನೂ ಹೋಲಿಸಲು ಬಾರದು.

ಮೊದಲ ದಿನ ಎರಡೂ ತೋಳಿನಲ್ಲಿ ನೋಡಿ. ಯಾವುದರಲ್ಲಿ ಹೆಚ್ಚೋ ಮುಂದೆ ಆ ತೋಳನ್ನೇ ಇಟ್ಟುಕೊಳ್ಳಿ. ಎರಡರ ನಡುವೆ ಮೇಲಿನ ಅಂಕೆಯಲ್ಲಿ ಹದಿನೈದರಷ್ಟು ವ್ಯತ್ಯಾಸ ಮತ್ತೆ ಮತ್ತೆ ಬರುತ್ತಿದ್ದರೆ ವೈದ್ಯರಿಗೆ ಹೇಳಿ. ಆಮೇಲೆ ಏಳು ದಿನ, ಬೆಳಿಗ್ಗೆ ಮಾತ್ರೆಗೆ ಮೊದಲು ಎರಡು ಸಲ, ಸಂಜೆ ಎರಡು ಸಲ, ನಡುವೆ ಒಂದು ನಿಮಿಷ ಬಿಟ್ಟು ಅಳೆದು ಬರೆದಿಡಿ. ಮೊದಲ ದಿನದ್ದನ್ನು ಬಿಟ್ಟು ಉಳಿದದ್ದರ ಸರಾಸರಿ ತೆಗೆಯಿರಿ. ಮನೆಯ ಅಳತೆಯಲ್ಲಿ ಆ ಸರಾಸರಿ 135/85 ಮುಟ್ಟಿದರೆ ಅಥವಾ ದಾಟಿದರೆ ಹೆಚ್ಚು ಎಂದು ಲೆಕ್ಕ. ಆಸ್ಪತ್ರೆಯಲ್ಲಿ ಅಳೆದರೆ ಅದೇ ಗೆರೆ 140/90. ಮಾವನವರ ವಯಸ್ಸಿಗೆ, ಅವರಿಗಿರುವ ಬೇರೆ ತೊಂದರೆಗಳಿಗೆ ಎಷ್ಟಕ್ಕೆ ಇಳಿಸಬೇಕೆಂಬುದು ವೈದ್ಯರ ಕೆಲಸ, ಆ ಹಾಳೆಯನ್ನು ಅವರ ಮುಂದಿಡಿ. ಯಾವಾಗಲಾದರೂ 180/120 ದಾಟಿದ್ದು ಕಂಡರೆ ಐದು ನಿಮಿಷ ಕೂತು ಮತ್ತೆ ನೋಡಿ. ಹಾಗೇ ಇದ್ದರೆ ಅದೇ ದಿನ ವೈದ್ಯರಿಗೆ ತಿಳಿಸಿ. ಎದೆನೋವು, ಏದುಸಿರು, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಒಂದು ಬದಿಯ ಕೈಕಾಲು ಸೋಲುವುದು ಇದ್ದರೆ ಮಷೀನೂ ಬೇಡ, ವಾಚೂ ಬೇಡ, 108ಕ್ಕೆ ಕರೆ ಮಾಡಿ. ತೋಟದೊಳಗಿನ ಮನೆಯಾದರೆ ಆಂಬುಲೆನ್ಸ್ ಬರುವವರೆಗೆ ಕಾಯದೆ ಅವರನ್ನು ಡಾಂಬರು ರಸ್ತೆಯವರೆಗೆ ಕರೆತರಲು ಜೀಪು ಸಿದ್ಧವಿರಲಿ.

ಇಷ್ಟೆಲ್ಲ ಆದಮೇಲೆ ವಾಚಿಗೆ ಏನು ಕೆಲಸ ಉಳಿಯಿತು ಎನ್ನುತ್ತೀರಾ? ಉಳಿದಿದೆ. ಸರಿಯಾದ ಆಧಾರ ಅಂಕೆ ತುಂಬಿದರೆ, ಆ ದಿನಗಳಲ್ಲಿ ಒತ್ತಡ ಯಾವ ಕಡೆ ವಾಲುತ್ತಿದೆ ಎಂಬ ಅಂದಾಜು ಅದರಿಂದ ಸಿಗುತ್ತದೆ. ಆಧಾರ ತುಂಬುವ ದಿನ ಹೊಸ ಮಷೀನನ್ನು ಪಕ್ಕದಲ್ಲಿಟ್ಟುಕೊಂಡು, ಮೇಲೆ ಹೇಳಿದಂತೆ ಕೂತು ಎರಡು ಮೂರು ಸಲ ಅಳೆದು ಸರಾಸರಿ ತೆಗೆದು, ಅದು ಆರುವ ಮೊದಲೇ ವಾಚಿಗೆ ಕೊಡಿ. ಮಧ್ಯೆ ಎದ್ದು ನಾಯಿ ಓಡಿಸಿ ಬಂದರೆ ಮತ್ತೆ ಮೊದಲಿನಿಂದ. ತಿಂಗಳಿಗೊಮ್ಮೆ ಇದನ್ನು ಹೊಸದಾಗಿ ಮಾಡಬೇಕು. ನನ್ನ ಈ ನಿಯಮ ಅತಿಯಾಯಿತು ಅನ್ನಿಸಿದರೆ ಇದನ್ನು ಕೇಳಿ: ಮೂವತ್ತು ವರ್ಷ ಕಳೆದು ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ವಾಚು ಕೂಡ ಬಿಪಿ ಹೇಳಬೇಕಾದರೆ 28 ದಿನಕ್ಕೊಮ್ಮೆ ತೋಳಿನ ಪಟ್ಟಿಯ ಅಂಕೆ ಕೇಳುತ್ತದೆ. ಇದಕ್ಕೆ ಹೊರತಾದದ್ದು ಒಮ್ರಾನ್ ಕಂಪನಿಯ ಹಾರ್ಟ್‌ಗೈಡ್ ಎಂಬ ವಾಚು. 2019ರಲ್ಲಿ ಮಾರುಕಟ್ಟೆಗೆ ಬಂದ ಅದರ ಬೆಲ್ಟಿನೊಳಗೆ ನಿಜವಾಗಿ ಗಾಳಿ ತುಂಬಿ ಮಣಿಕಟ್ಟನ್ನು ಹಿಂಡುವ ಪಟ್ಟಿಯೇ ಇದೆ. ಹಿಂಡದೆ ಹೇಳುವ ವಾಚುಗಳೆಲ್ಲ ನಿಮ್ಮ ಮಾವನವರ ವಾಚಿನ ಮೊಮ್ಮಕ್ಕಳೇ.

ಮಾತ್ರೆ ಬದಲಾದ ದಿನವೂ ಆಧಾರ ಅಂಕೆ ಹಳತಾಯಿತು ಎಂದು ತಿಳಿಯಿರಿ. ವಾಚು ಎಣಿಸುವ ಅಂತರದಲ್ಲಿ ಅಲೆ ಓಡುವ ಸಮಯವಷ್ಟೇ ಅಲ್ಲ, ವಿದ್ಯುತ್ ಮಿಡಿತ ಬಂದಮೇಲೆ ಹೃದಯ ಬಿಗಿದು ಬಾಗಿಲು ತೆರೆಯುವವರೆಗಿನ ಸಣ್ಣ ತಡವೂ ಸೇರಿರುತ್ತದೆ. ಕೆಲವು ಔಷಧಿಗಳು, ಒಂದು ಸಣ್ಣ ಓಟ, ಒಂದು ಸಿಟ್ಟು ಆ ತಡವನ್ನೇ ಬದಲಿಸುತ್ತವೆ. ವಾಚು ಪಾಪ ಅದನ್ನೆಲ್ಲ ಬಿಪಿ ಲೆಕ್ಕಕ್ಕೆ ಬರೆದುಬಿಡುತ್ತದೆ. ನಾಡಿ ಹೇಗೆಂದರೆ ಹಾಗೆ ಬಡಿಯುವ ತೊಂದರೆ ಇರುವವರಿಗೆ ಇದು ಪ್ರಯೋಜನವಿಲ್ಲ. ಇನ್ನೊಂದು ಮಾತು: ಮಾವನವರ ಆಧಾರ ತುಂಬಿದ ವಾಚನ್ನು ನೀವು ಕಟ್ಟಿಕೊಂಡರೆ ಅದು ನಿಮ್ಮ ಬಿಪಿ ಹೇಳುವುದಿಲ್ಲ. ಹಬ್ಬಕ್ಕೆ ಬಂದ ನೆಂಟರೆಲ್ಲ ಸಾಲಾಗಿ ಬೆರಳಿಟ್ಟು ನೋಡುವುದನ್ನು ಆಟವೆಂದು ತಿಳಿದರೆ ಅಡ್ಡಿಯಿಲ್ಲ.

ಬೆರಳು ಇಡುವುದರಲ್ಲೂ ಒಂದು ಹದವಿದೆ. ಬಲವಾಗಿ ಒತ್ತಿದರೆ ತುದಿಯಲ್ಲಿ ರಕ್ತವೇ ನಿಂತು ಬೆಳಕಿನ ಕಣ್ಣಿಗೆ ಅಲೆ ಕಾಣದು. ತಾಗಿಯೂ ತಾಗದಂತೆ ಇಟ್ಟರೆ ಹೊರಗಿನ ಬೆಳಕು ನುಗ್ಗುತ್ತದೆ. ಉಗುರಿನ ಬಣ್ಣ ಬಿಳುಚದಷ್ಟು ಮೆತ್ತಗೆ ಇಡಿ, ಅಲುಗಾಡಿಸಬೇಡಿ, ಮಾತಾಡಬೇಡಿ. ಕಿಟಕಿಯ ಬಿಸಿಲಿಗೆ ಬೆನ್ನು ಹಾಕಿ ಕೂರಿ. ಡಿಸೆಂಬರಿನ ಬೆಳಿಗ್ಗೆ ನಮ್ಮ ಕಡೆ ಬೆರಳು ಮಂಜುಗಡ್ಡೆಯಾಗಿರುತ್ತವೆ, ಚಳಿಗೆ ತುದಿಯ ನಾಳಗಳು ಮುದುಡಿ ವಾಚು ಬರೀ ತಪ್ಪು ಚಿಹ್ನೆ ತೋರಿಸುತ್ತದೆ. ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಬೆಚ್ಚಗೆ ಮಾಡಿಕೊಳ್ಳಲಿ, ಕುಡಿಯುವುದು ಆಮೇಲೆ. ಜೀವನವಿಡೀ ಕತ್ತಿ ಹಿಡಿದು ಮೆಣಸು ಕೊಯ್ದ ಕೈಯಾದರೆ ಬೆರಳ ತುದಿಯ ಚರ್ಮ ಜಡ್ಡುಗಟ್ಟಿ ಬೆಳಕು ಒಳಗಿಳಿಯುವುದು ಕಷ್ಟ. ಅಂಥವರು ಕೆಲಸ ಕಡಿಮೆ ಮಾಡಿದ ಬೆರಳನ್ನು ಇಟ್ಟು ನೋಡಬೇಕು. ಲೋಹದ ಬಿಂದುವಿಗೆ ಒಣ ಚರ್ಮ ಆಗದು. ಒದ್ದೆ ಬಟ್ಟೆಯಲ್ಲಿ ಮಣಿಕಟ್ಟು, ಬೆರಳು ಒರೆಸಿ ತೇವ ಆರುವ ಮುಂಚೆ ಇಟ್ಟರೆ ಮಿಡಿತ ಬೇಗ ಸಿಗುತ್ತದೆ. ವಾಚಿನ ಬೆನ್ನಿನಲ್ಲಿ ವರ್ಷಗಳ ಬೆವರು, ಕೊಬ್ಬರಿ ಎಣ್ಣೆ ಕೂತು ಪದರ ಕಟ್ಟಿದ್ದರೆ ಅದೂ ಅಡ್ಡಿ. ಮೆತ್ತನೆ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಎರಡು ಹನಿ ಹಾಕಿ ಲೋಹವನ್ನಷ್ಟೇ ಒರೆಸಿ. ಗಾಜಿಗೂ ಪ್ಲಾಸ್ಟಿಕ್ಕಿಗೂ ಅದನ್ನು ತಾಗಿಸಬೇಡಿ. ಮರಳುಕಾಗದ, ಹಲ್ಲುಪುಡಿ, ಹುಣಸೆಹಣ್ಣು ಯಾವುದೂ ಬೇಡ.

ಈಗ ಮಳೆಗಾಲ. ಹೊರಮೈ ಮೇಲೆ ವಾಟರ್ ರೆಸಿಸ್ಟ್ ಎಂದು ಏನೇ ಬರೆದಿರಲಿ, ಅದು ಹೊಸ ವಾಚಿಗೆ ಕೊಟ್ಟ ಮಾತು. ನೀರು ತಡೆಯುವುದು ಬೆನ್ನಿನ ಮುಚ್ಚಳದ ಸುತ್ತ ಕೂತಿರುವ ಕೂದಲಿನಂಥ ರಬ್ಬರ್ ವಾಷರ್. ಮೂವತ್ತು ವರ್ಷದಲ್ಲಿ ಅದು ಚಪ್ಪಟೆಯಾಗಿ ಬಿರುಸಾಗಿರುತ್ತದೆ. ಮಳೆಯಲ್ಲಿ, ಬಚ್ಚಲಲ್ಲಿ, ಹಂಡೆಯ ಹಬೆಯ ಹತ್ತಿರ ಇದನ್ನು ಕಟ್ಟಬೇಡಿ. ಹಬೆ ನೀರಿಗಿಂತ ಕಳ್ಳ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾಚನ್ನು ಬೀರುವಿನ ಬಟ್ಟೆಯ ನಡುವೆ ಇಡುವುದು ಬೂಷ್ಟಿಗೆ ಊಟ ಹಾಕಿದಂತೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಅಥವಾ ರಬ್ಬರ್ ಅಂಚಿನ ಪ್ಲಾಸ್ಟಿಕ್ ಡಬ್ಬಿ ತೆಗೆದುಕೊಂಡು ಸಿಲಿಕಾ ಜೆಲ್ ಹಾಕಿ. ಬಣ್ಣ ಬದಲಾಗುವಂಥ ಹರಳು ಸಿಕ್ಕರೆ ಇನ್ನೂ ಒಳ್ಳೆಯದು, ತೇವ ಕುಡಿದು ತುಂಬಿದೆ ಎಂದು ಕಣ್ಣಿಗೇ ಗೊತ್ತಾಗುತ್ತದೆ. ಆಗ ಹರಳನ್ನು ಮಾತ್ರ ಹೊರತೆಗೆದು ಒಲೆಯ ಪಕ್ಕ ಚೆನ್ನಾಗಿ ಕಾಯಿಸಿ ಒಣಗಿಸಿ ಮತ್ತೆ ಬಳಸಬಹುದು. ವಾಚನ್ನು ಒಲೆಯ ಪಕ್ಕ ಇಡಬೇಡಿ. ಅಟ್ಟದ ಹೊಗೆಗೆ ಇಟ್ಟರೆ ಉಳಿಯುವುದು ಬೇರೆ ವಸ್ತುಗಳು. ಅಕ್ಕಿ ಡಬ್ಬಿಯಲ್ಲಿ ಹೂಳುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಅಕ್ಕಿ ಹೀರುವ ತೇವ ಅಷ್ಟಕ್ಕಷ್ಟೆ, ಗುಂಡಿಗಳ ಸಂದಿಯಲ್ಲಿ ಹಿಟ್ಟು ಕೂತು ಆಮೇಲೆ ನನ್ನಂಥವನಿಗೆ ಕೆಲಸ ಸಿಗುತ್ತದೆ.

ಮೂರು ನಾಲ್ಕು ತಿಂಗಳು ಬಳಸುವುದಿಲ್ಲ ಎಂದಿದ್ದರೆ ಸೆಲ್ ತೆಗೆಸಿಯೇ ಇಡಿ. ಆಧಾರ ಅಂಕೆ ಅಳಿಯುತ್ತದೆ, ಅಳಿಯಲಿ, ಹೇಗೂ ಹೊಸದು ತುಂಬಬೇಕು. ಹೊಸ ಸೆಲ್ ಹಾಕುವಾಗ ಹಳೆಯದರ ಮೇಲಿನ ಅಂಕೆಯನ್ನೇ ಕೇಳಿ ತನ್ನಿ. ಆ ಅಂಕೆ ಅಳತೆಯೇ: ಸಿಆರ್ 2016 ಎಂದರೆ 20 ಮಿಲಿಮೀಟರ್ ಅಗಲ, 1.6 ದಪ್ಪ, ಸಿಆರ್ 2025 ಎಂದರೆ ಅದೇ ಅಗಲ, 2.5 ದಪ್ಪ. ‘ಇದೂ ಕೂರುತ್ತೆ ಸರ್’ ಎಂದು ದಪ್ಪದ್ದನ್ನು ಒತ್ತಿ ತುರುಕಿದ ವಾಚುಗಳನ್ನು ನೋಡಿದ್ದೇನೆ, ಒಳಗಿನ ಹಿತ್ತಾಳೆಯ ಪಟ್ಟಿ ಬಾಗಿ ಮತ್ತೆಂದೂ ಸರಿಯಾಗಿ ತಾಗುವುದಿಲ್ಲ. ಹಳೆಯ ಸೆಲ್ಲನ್ನು ಮಕ್ಕಳ ಕೈಗೆ ಸಿಗುವಲ್ಲಿ ಬಿಡಬೇಡಿ, ನುಂಗಿದರೆ ಅನ್ನನಾಳವನ್ನೇ ಸುಡುತ್ತದೆ.

ಹಳೆಯ ಸೆಲ್ ಸೋರಿ ಬಿಳಿಯೋ ಹಸಿರೋ ಪುಡಿ ಕೂತಿದ್ದರೆ ಏನು ಮಾಡಬೇಕೆಂದು ನೀವು ಕೇಳಿಲ್ಲ, ಆದರೆ ನಮ್ಮ ಊರಿನಲ್ಲಿ ಇದೇ ಹೆಚ್ಚು. ಮೊದಲು ಒಣ ಬ್ರಷ್‌ನಿಂದ ಪುಡಿ ಉದುರಿಸಬೇಕು. ಸೋರಿದ್ದು ಆಲ್ಕಲೈನ್ ಸೆಲ್ ಆಗಿದ್ದರೆ ಹತ್ತಿಕಡ್ಡಿಗೆ ಬಿಳಿ ವಿನೆಗರ್ ಬರೀ ಸೋಕಿಸಿ ಲೋಹದ ಮೇಲೆ ಮುಟ್ಟಿಸಿ, ಕೂಡಲೇ ಆಲ್ಕೋಹಾಲ್‌ನಿಂದ ಎರಡು ಸಲ ಒರೆಸಬೇಕು. ಒಬ್ಬರು ಹುಳಿ ಹುಳಿಯೇ ಅಲ್ಲವೇ ಎಂದು ಮನೆಯ ಕಾಚಂಪುಳಿ ಹಚ್ಚಿ ತಂದಿದ್ದರು. ಹಂದಿ ಕರಿಗೆ ಕಪ್ಪು ಬಣ್ಣ ಕೊಡುವ ಅದೇ ಮಂದ ರಸ ಸರ್ಕ್ಯೂಟಿನ ಮೇಲೆ ಅಂಟಿಕೊಂಡು ಒಣಗಿತ್ತು. ವಾಚು ಉಳಿಯಲಿಲ್ಲ, ನನ್ನ ಮೇಜು ಮಾತ್ರ ಎರಡು ದಿನ ಘಮಘಮಿಸಿತು.

ಬಿಚ್ಚುವುದಾದರೆ ಪಳಗಿದ ಕೈಯಿಂದಲೇ ಬಿಚ್ಚಿಸಿ, ನೀವು ಪಕ್ಕದಲ್ಲಿ ಕೂತು ನೋಡಿ. ಬೆನ್ನಿನ ಮುಚ್ಚಳಕ್ಕೂ ಒಳಗಿನ ಸರ್ಕ್ಯೂಟಿಗೂ ನಡುವೆ ಸಾಸಿವೆ ಕಾಳಿನಷ್ಟು ದಪ್ಪದ ಸ್ಪ್ರಿಂಗ್ ನಿಂತಿರುತ್ತದೆ. ಮುಚ್ಚಳ ಎತ್ತಿದ ಕ್ಷಣ ಅದು ಹಾರುತ್ತದೆ. ಅದು ಹೋದರೆ ವಾಚು ಗಂಟೆ ತೋರಿಸುತ್ತದೆ, ಮಿಡಿತ ಹಿಡಿಯುವುದಿಲ್ಲ, ಯಾಕೆಂದು ಯಾರಿಗೂ ತಿಳಿಯುವುದಿಲ್ಲ. ನನ್ನ ಮೊದಲ ವಾಚಿನದ್ದನ್ನು ನಾನೇ ಕಳೆದವನು, ಬಿಳಿ ಬಟ್ಟೆ ಹಾಸಿ ಬಿಚ್ಚುವ ಅಭ್ಯಾಸ ಬಂದದ್ದು ಆ ದಿನದಿಂದ. ಹೊಸ ಸೆಲ್ ಕೂರಿಸಿದ ಮೇಲೂ ಪರದೆ ಖಾಲಿ ಇದ್ದರೆ ಅಥವಾ ಅರ್ಧಂಬರ್ಧ ಗೆರೆ ಮೂಡಿದರೆ ಸತ್ತಿತೆಂದು ಕೈಬಿಡಬೇಡಿ. ಈ ಕಂಪನಿಯ ಹಳೆಯ ವಾಚುಗಳ ಒಳಗೆ ಎಸಿ ಎಂದು ಕೊರೆದ ಒಂದು ಚುಕ್ಕೆ ಇರುತ್ತದೆ. ಲೋಹದ ಚಿಮಟದ ಒಂದು ಕಾಲನ್ನು ಆ ಚುಕ್ಕೆಗೆ, ಇನ್ನೊಂದನ್ನು ಸೆಲ್‌ನ ಮೇಲ್ಮೈಗೆ ಎರಡು ಸೆಕೆಂಡು ಮುಟ್ಟಿಸಿದರೆ ಎಚ್ಚರವಾಗುತ್ತದೆ. ಹೊಸ ವಾಷರ್‌ಗೆ ಒಂದು ಚೂರು ಸಿಲಿಕೋನ್ ಗ್ರೀಸ್ ಸವರಿ ಮುಚ್ಚಲಿ, ವ್ಯಾಸಲೀನ್ ಹಚ್ಚಲು ಬಿಡಬೇಡಿ, ರಬ್ಬರ್ ಊದಿಕೊಳ್ಳುತ್ತದೆ.

ಬೆಲ್ಟಿನ ಬಗ್ಗೆ ಆಸೆ ಇಟ್ಟುಕೊಳ್ಳಬೇಡಿ. ಆ ಕಾಲದ ರಾಳದ ಬೆಲ್ಟುಗಳನ್ನು ಗಾಳಿಯ ತೇವವೇ ಒಳಗಿನಿಂದ ತಿನ್ನುತ್ತದೆ. ಹೊರಗೆ ಚೆನ್ನಾಗಿ ಕಂಡದ್ದು ಒಂದು ದಿನ ಬಗ್ಗಿಸಿದಾಗ ಚಕ್ಕುಲಿಯಂತೆ ಮುರಿಯುತ್ತದೆ, ಅದನ್ನು ತಡೆಯುವ ಎಣ್ಣೆ ಯಾವುದೂ ಇಲ್ಲ. ಚರ್ಮದ ಬೆಲ್ಟು ಹಾಕಿಸಿದರೆ ಕೊಡಗಿನಲ್ಲಿ ಒಂದೇ ಮಳೆಗಾಲಕ್ಕೆ ಹಸಿರು ಮೀಸೆ ಬರುತ್ತದೆ. ನೈಲಾನ್ ಬಟ್ಟೆಯ ಬೆಲ್ಟು ಇದಕ್ಕೆ ತಕ್ಕದ್ದು. ಆದರೆ ವಾಚಿನ ಬೆನ್ನಿನ ಕೆಳಗೆ ಹಾದುಹೋಗುವ ಬಗೆಯದ್ದು ಬೇಡ. ಲೋಹ ಚರ್ಮಕ್ಕೆ ತಾಗದೆ ಬಟ್ಟೆಗೆ ತಾಗಿದರೆ ಮಿಡಿತ ಎಲ್ಲಿಂದ ಸಿಗಬೇಕು? ಎರಡು ಬದಿಗೂ ಬೇರೆ ಬೇರೆ ಸಿಕ್ಕಿಸುವಂಥದ್ದನ್ನೇ ಕೇಳಿ.

ಸೆಲ್ಲು, ವಾಷರ್ ಎಲ್ಲವನ್ನೂ ಈಗಲೇ ತಂದಿಟ್ಟುಕೊಳ್ಳಿ, ಬಿಚ್ಚಿಸುವುದನ್ನು ಮಾತ್ರ ಮಳೆ ನಿಂತು ನಾಲ್ಕು ಬಿಸಿಲು ಕಂಡಮೇಲೆ ಇಟ್ಟುಕೊಳ್ಳಿ. ಜುಲೈಯಲ್ಲಿ ಬಿಚ್ಚಿ ಹೊಸ ವಾಷರ್ ಹಾಕಿ ಬಿಗಿದರೆ ಒಳಗೆ ಬಂದಿಯಾಗುವುದು ಜುಲೈಯ ಗಾಳಿ. ಮೊದಲ ಚಳಿ ಬಿದ್ದ ಬೆಳಿಗ್ಗೆ ಅದು ಗಾಜಿನ ಒಳಮೈಯಲ್ಲಿ ಹನಿಯಾಗಿ ಕೂತಿರುತ್ತದೆ.